ಗೂಡು ಯಾರ ಮಾತು ಕೇಳುತ್ತದೆ

ಹುಲಿಗೆಮ್ಮ ಪಾಳಿ ಮುಗಿಸಿ ಬಂದಾಗ ಮನೆಯ ಬಾಗಿಲ ಮೇಲೆ ಯಾರೋ ಸುಣ್ಣದ ಕಲ್ಲಿನಿಂದ ‘ಗಾಳಿಗಳ್ಳಿ’ ಎಂದು ಬರೆದು ಹೋಗಿದ್ದರು. ಅಕ್ಷರಗಳು ದುಂಡಗೆ, ಒಂದೇ ಅಳತೆಯಲ್ಲಿದ್ದವು. ಬರೆದವರಿಗೆ ಅವಸರವಿರಲಿಲ್ಲ, ಬರೆಯುವಾಗ ಓಣಿಯ ಒಬ್ಬರೂ ಬೇಡವೆಂದಿರಲಿಲ್ಲ ಎಂಬುದು ಅದರಲ್ಲೇ ತಿಳಿಯುತ್ತಿತ್ತು. ಅವಳು ಸೆರಗಿನಿಂದ ಒರೆಸಲು ಹೋದಳು.

“ಒರಸವಾ, ಒರಸು,” ಎಂದಳು ಎದುರುಮನೆಯ ತಾಯಮ್ಮ, ಕಿಟಕಿಯಲ್ಲಿ ಕೂತಲ್ಲಿಂದಲೇ. “ಬಾಗಲ ಮ್ಯಾಲಿಂದು ಒರಸಿದಿ. ಬೋರ್ಡಿನ ಮ್ಯಾಲಿಂದು ಹ್ಯಾಂಗ ಒರಸ್ತಿ?”

“ನೀನ ಬರದೀಯೇನು ತಾಯಕ್ಕ?”

“ನನಗ ಬರಿಯಾಕ ಬರ್ತಿದ್ರ ಇಷ್ಟು ಸಣ್ಣಗ ಬರೀತಿದ್ನೇನು? ಓಣಿ ತುಂಬ ಬರೀತಿದ್ದೆ.”

ಇಷ್ಟು ಹೇಳುವಷ್ಟರಲ್ಲಿ ತಾಯಮ್ಮನಿಗೆ ಕೆಮ್ಮು ಹತ್ತಿತು. ಕಿಟಕಿಯ ಸರಳು ಹಿಡಿದು ಬಾಗಿ, ಕೆಮ್ಮು ನಿಂತ ಮೇಲೆ, ಬೈಗುಳದ ಉಳಿದ ಭಾಗವನ್ನು ಕಣ್ಣಿನಲ್ಲೇ ಮುಗಿಸಿದಳು.

ತಂಪೂರು ನೆಲದ ಕೆಳಗಿನ ಊರು. ಮೇಲಿನ ಬೇಸಿಗೆ ಮನುಷ್ಯರನ್ನು ಬೇಯಿಸತೊಡಗಿದ ಮೇಲೆ, ಮುಚ್ಚಿಹೋಗಿದ್ದ ಹಳೆಯ ಚಿನ್ನದ ಗಣಿಯ ಸುರಂಗಗಳನ್ನು ಅಗಲ ಮಾಡಿಕೊಂಡು ಜನ ಕೆಳಗಿಳಿದರು. ಗಣಿಯಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು ಅಲ್ಲೇ ಸಂಸಾರ ಹೂಡಿದರು. ಕೆಳಗೆ ತಂಪಿತ್ತು, ನೀರಿತ್ತು. ಇಲ್ಲದ್ದು ಗಾಳಿ ಒಂದೇ. ಅದನ್ನು ಮೇಲಿನಿಂದ ಇಳಿಸಬೇಕಿತ್ತು. ಓಣಿಗೊಂದು ಕೊಳವೆ, ಆ ಕೊಳವೆಯಿಂದ ಗಾಳಿ ಎಳೆದುಕೊಳ್ಳಲು ಮನೆಗೊಂದು ಯಂತ್ರ. ಪುಟ್ಟ ಪೆಟ್ಟಿಗೆ, ಮುಂದೆ ಜಾಲರಿ, ಒಳಗೆ ಗುರ್‍ ಎನ್ನುವ ಸದ್ದು. ಜನ ಅದನ್ನು ಗೂಡು ಎಂದೇ ಕರೆದರು. ಮನೆಯಲ್ಲಿ ಎಷ್ಟು ತಲೆಯೋ ಅಷ್ಟು ಪಾಲು. ಯಾವ ಮನೆಗೆ ಎಷ್ಟು ಪಾಲೆಂದು ಓಣಿಯ ಬಾಯಲ್ಲಿ ಬೋರ್ಡೊಂದು ತೋರಿಸುತ್ತಿತ್ತು. ಒಂದು ಮನೆ ಹೆಚ್ಚು ಎಳೆದರೆ ಕೊಳವೆಯ ತುದಿಯ ಮನೆಗೆ ಕಡಿಮೆಯಾಗುತ್ತದೆ ಎಂಬುದನ್ನು ತಂಪೂರಿನಲ್ಲಿ ಮಕ್ಕಳಿಗೆ ಯಾರೂ ಕಲಿಸಬೇಕಿರಲಿಲ್ಲ. ಈ ಓಣಿಯ ಕೊಳವೆಯ ತುದಿ ತಾಯಮ್ಮನ ಮನೆ.

ಹುಲಿಗೆಮ್ಮನ ಮನೆಯಲ್ಲಿ ಇದ್ದದ್ದು ನಾಲ್ಕು ಜೀವ: ಅವಳು, ಗಂಡ ಆದೆಪ್ಪ, ಚೊಚ್ಚಲ ಹೆರಿಗೆಗೆ ಬಂದ ಮಗಳು ನೀಲಾ, ನೀಲಾಳ ಹಸುಗೂಸು. ಬೋರ್ಡಿನಲ್ಲಿ ಅವಳ ಮನೆಯ ಮುಂದೆ ಇದ್ದ ಅಂಕಿ ಎಂಟು. ಹುಲಿಗೆಮ್ಮ ಕೆಲಸ ಮಾಡುತ್ತಿದ್ದದ್ದು ಕಂಟ್ರೋಲ್ ರೂಮಿನಲ್ಲಿ, ಆ ಅಂಕಿಗಳನ್ನು ಬರೆಯುವ ಪರದೆಯ ಮುಂದೆ. ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾರಿಗೆ ಬೇಕು?

ಅವಳು ಕದ್ದದ್ದು ಸುಳ್ಳಲ್ಲ. ಕದ್ದ ಗಾಳಿ ಮನೆಗೆ ಬಂದಿತ್ತು ಎಂಬುದು ಮಾತ್ರ ಸುಳ್ಳು.

ಒಳಗೆ ಹೋದರೆ ನೀಲಾ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿದ್ದಳು. ಕೂಸು ಮಡಿಲಲ್ಲಿತ್ತು. ನಿದ್ದೆ ಎನ್ನಬೇಕೋ ಮಂಪರು ಎನ್ನಬೇಕೋ ತಿಳಿಯದಂಥ ಸ್ಥಿತಿ. ತುಟಿಯ ಸುತ್ತ ಬೂದಿ ಬಳಿದಂಥ ಬಣ್ಣ.

“ಹಾಲು ಕುಡೀತೇನು?”

“ಬಾಯಾಗ ಇಟಗೊಂಡು ಹಂಗ ಮಲಗಿಬಿಡತೈತಿ ಯವ್ವಾ. ಎಬ್ಬಿಸಿದ್ರ ಅಳೂದೂ ಇಲ್ಲ.” ನೀಲಾ ಕಣ್ಣು ಮುಚ್ಚಿದಳು. “ಅತ್ತರ ಚಲೋ ಇತ್ತು.”

ಆಸ್ಪತ್ರೆಗೆ ಎರಡು ಸಲ ಹೋಗಿಬಂದಾಗಿತ್ತು. ಅಲ್ಲಿಗೆ ಹೋದ ಸ್ವಲ್ಪ ಹೊತ್ತಿಗೇ ಕೂಸು ಕಣ್ಣು ಬಿಟ್ಟು, ಕೈಕಾಲು ಬಡಿದು, ಡಾಕ್ಟರಮ್ಮನ ಬೆರಳು ಹಿಡಿದುಕೊಂಡಿತ್ತು. ಎರಡನೆಯ ಸಲ ಡಾಕ್ಟರಮ್ಮ ಸಿಡುಕಿದಳು. ಕೂಸಿಗೆ ಏನೂ ಆಗಿಲ್ಲ, ಬಾಣಂತಿಗೆ ಚೆನ್ನಾಗಿ ತಿನ್ನಿಸಿ, ಸುಮ್ಮನೆ ಹಾಸಿಗೆ ಹಿಡಿಯಬೇಡಿ ಎಂದಳು. ಆಸ್ಪತ್ರೆಯ ಗಾಳಿ ಚೆನ್ನಾಗಿತ್ತು, ಅಷ್ಟೇ. ಹುಲಿಗೆಮ್ಮನಿಗೆ ಅದು ಮೊದಲ ಸಲವೇ ಹೊಳೆದಿತ್ತು. ಮರುದಿನ ಕೆಲಸಕ್ಕೆ ಹೋದವಳು ಪರದೆಯಲ್ಲಿ ತನ್ನ ಮನೆಯ ನಾಲ್ಕನ್ನು ಆರು ಮಾಡಿದಳು. ಮನೆಗೆ ಬಂದು ಗೂಡಿನ ಜಾಲರಿಗೆ ಅಂಗೈ ಹಿಡಿದಳು. ಮುದುಕನೊಬ್ಬ ನಿದ್ದೆಯಲ್ಲಿ ಉಸಿರಾಡಿದ ಹಾಗೆ, ಬಂದರೂ ಬಾರದ ಹಾಗೆ ಗಾಳಿ. ಮತ್ತೆ ಹೋಗಿ ಎಂಟು ಮಾಡಿದಳು. ಅದೇ ಮುದುಕ, ಅದೇ ಉಸಿರು.

ಓಣಿಯವರಿಗೆ ಇದು ಹೇಗೆ ತಿಳಿಯಬೇಕು? ಬೋರ್ಡಿನಲ್ಲಿ ಎಂಟು ಕಂಡ ಮರುಗಳಿಗೆಯಿಂದ ಓಣಿಯ ಅರ್ಧ ಜನಕ್ಕೆ ಎದೆ ಬಿಗಿಯತೊಡಗಿತು. ಒಬ್ಬಳಿಗೆ ತಲೆಸುತ್ತು. ಇನ್ನೊಬ್ಬನಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ಗಾಳಿ ಯಾರ ಮನೆಯಲ್ಲೂ ಒಂದು ಗುಟುಕು ಕಡಿಮೆಯಾಗಿರಲಿಲ್ಲ. ಆದರೆ ಮನುಷ್ಯ ಅರ್ಧ ಉಸಿರನ್ನು ಕಣ್ಣಿನಿಂದಲೇ ಆಡುತ್ತಾನೆ.

*

ಮೌನೇಶ ಅವಳನ್ನು ಕರೆಸಿದ್ದು ಮರುದಿನ. ಕಂಟ್ರೋಲ್ ರೂಮಿನ ಮೇಲ್ವಿಚಾರಕ. ಇಸ್ತ್ರಿ ಕೆಡದ ಅಂಗಿ, ಏರದ ದನಿ. ಅವನು ಕೂಗಾಡಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

“ಕೂತ್ಕೊಳ್ರಿ ಹುಲಿಗೆಮ್ಮ. ಇದನ್ನ ಓದ್ರಿ.”

ಪರದೆಯ ಮೇಲೆ ಅವಳ ಮನೆಯ ಅಂಕಿ. ಪಕ್ಕದಲ್ಲಿ ಬದಲಿಸಿದವರ ಹೆಸರು, ಅವಳದೇ.

“ನಾನ ಬರದೀನ್ರಿ ಸರ್. ಇಲ್ಲ ಅನ್ನೂದಿಲ್ಲ. ಆದ್ರ ಗಾಳಿ ಬರವಲ್ದು. ನೀವ ಬಂದು ಕೈ ಹಿಡದು ನೋಡ್ರಿ. ಇಬ್ಬರಿಗಿ ಆಗೂವಷ್ಟೂ ಬರವಲ್ದು.”

“ಇಲ್ಲಿ ಎಂಟು ಐತಿ.”

“ಅಲ್ಲಿ ಇಲ್ರಿ.”

“ಹುಲಿಗೆಮ್ಮ, ಇಲ್ಲಿ ಬರದದ್ದು ಗೂಡಿಗಿ ಹೋಗತೈತಿ. ಗೂಡು ಮಾಡತೈತಿ. ನಡುವ ಮತ್ಯಾರೂ ಇಲ್ಲ.” ಮಗುವಿಗೆ ಹೇಳುವಂತೆ ಹೇಳಿದ. “ಇಷ್ಟು ವರ್ಷ ಈ ಕುರ್ಚಿ ಮ್ಯಾಲ ಕೂತು ಇದೂ ತಿಳೀಲಿಲ್ಲೇನು ನಿಮಗ?”

ಅಷ್ಟು ಹೇಳಿಯೂ ಅವನು ಬಂದ. ಬರಲಿಲ್ಲ ಎಂದು ಅವನ ಮೇಲೆ ದೂರು ಹೇಳುವಂತಿಲ್ಲ. ಓಣಿಯ ಜನ ಬಾಗಿಲಲ್ಲಿ ಗುಂಪುಗೂಡಿ ನೋಡುತ್ತಿರಲು, ಬಾಗಿಲ ಮೇಲೆ ತೂಗುಹಾಕಿದ್ದ ಗೂಡಿಗೆ ಕೈಯೆತ್ತಿ ಹಿಡಿದ. ಹುಬ್ಬು ಗಂಟಿಕ್ಕಿತು. ಜಾಲರಿ ಬಿಚ್ಚಿ ಒಳಗೆ ಬೆರಳಾಡಿಸಿದ. ಬೆರಳಿಗೆ ಒಂದಿಷ್ಟು ಧೂಳು ಹತ್ತಿತು. ಯಾರ ಮನೆಯ ಗೂಡಿನಲ್ಲಾದರೂ ಹತ್ತುವಷ್ಟು.

“ನಾ ಬರ್ತೀನಂತ ಗೊತ್ತಾದ ಮ್ಯಾಲ ಒಳಗ ಏನೋ ಮಾಡೀರಿ. ಅದಕ್ಕ ಗಾಳಿ ಬರವಲ್ದು,” ಎಂದ. “ಕಳ್ಳತನಕಿಂತ ನಾಟಕ ಭಾಳ ಕೆಟ್ಟದ್ದು.”

“ಕೂಸಿನ ಮುಖಾ ನೋಡ್ರಿ ಸರ್, ನಾಟಕ ಮಾಡೂ ಮುಖಾನೇನು ಅದು?” ಎಂದ ಆದೆಪ್ಪ, ಒಳಗಿನಿಂದ.

“ಡಾಕ್ಟರು ನೋಡ್ಯಾರ. ಏನೂ ಆಗಿಲ್ಲಂತ ಬರದಾರ.”

ಅವಳನ್ನು ಕೆಲಸದಿಂದ ನಿಲ್ಲಿಸಲಾಯಿತು. ಮೇಲಿನಿಂದ ಅಧಿಕಾರಿ ಬಂದು ವಿಚಾರಣೆ ಮಾಡುವತನಕ ಪರದೆಯ ಆ ಅಂಕಿಯನ್ನು ಯಾರೂ ಮುಟ್ಟುವಂತಿರಲಿಲ್ಲ, ಅದು ಸಾಕ್ಷಿ. ಮೌನೇಶ ಅದಕ್ಕೆ ಬೀಗ ಹಾಕಿಸಿದ. ಗಾಳಿ ಕದ್ದವರಿಗೆ ಆಗುವ ಶಿಕ್ಷೆ ಎಲ್ಲರಿಗೂ ಗೊತ್ತಿತ್ತು: ಒಂದು ಬೇಸಿಗೆ ಮೇಲಿನ ಪಾಳಿ. ನೆಲದ ಮೇಲೆ, ಉರಿಯಲ್ಲಿ, ಗಾಳಿ ಎಳೆಯುವ ದೊಡ್ಡ ಜಾಲರಿಗಳ ಧೂಳು ಕೆರೆಯುವ ಕೆಲಸ. ಹೋದವರೆಲ್ಲ ಬಂದಿದ್ದಾರೆ ಎಂದು ಹೇಳುವಂತಿರಲಿಲ್ಲ. ತಾಯಮ್ಮನ ಗಂಡ ಯಾವ ತಪ್ಪೂ ಮಾಡದೆ ಸಂಬಳಕ್ಕೆಂದೇ ಮೇಲೆ ಹೋಗಿ, ಬಂದಿರಲಿಲ್ಲ.

“ಎಂಟು ಪಾಲು ತಿಂದಾಕಿ, ಮ್ಯಾಲ ಹೋಗಿ ಬಿಸಿಗಾಳಿ ತಿನ್ನಲಿ,” ಎಂದಳು ತಾಯಮ್ಮ ಗುಂಪಿನ ಹಿಂದಿನಿಂದ. ಯಾರೋ ನಕ್ಕರು.

ತಾಯಮ್ಮನ ಸಿಟ್ಟಿಗೆ ಬೇರೆ ಬೇರೂ ಇತ್ತು. ಈಗ ಹುಲಿಗೆಮ್ಮ ಇರುವ ಮನೆ ಮೊದಲು ತಾಯಮ್ಮನ ಅತ್ತೆ ಮಾವನದು. ಮುದುಕರಿಬ್ಬರೂ ಹೋದ ಮೇಲೆ ಅದು ತನ್ನ ಮಗನಿಗೆ ಸಿಗುತ್ತದೆ ಎಂದು ಅವಳು ಕಾದಿದ್ದಳು. ಕಂಟ್ರೋಲ್ ರೂಮಿನ ನೌಕರಳಿಗೆ ಸಿಕ್ಕಿತು. ಅಂದಿನಿಂದ ತಾಯಮ್ಮ ಆ ಹೊಸಿಲು ದಾಟಿರಲಿಲ್ಲ. ಕೂಸು ಹುಟ್ಟಿದಾಗ ಓಣಿಯೆಲ್ಲ ಬಂದು ನೋಡಿ ಹೋಯಿತು. ಅವಳು ಕಿಟಕಿ ಮುಚ್ಚಿಕೊಂಡಿದ್ದಳು.

*

ಕೆಲಸವಿಲ್ಲದ ಕೈ ಹುಲಿಗೆಮ್ಮನಿಗೆ ಹೊಸದು. ಆದೆಪ್ಪ ಬಾಣಂತಿಗೆ ಮೆಣಸಿನ ಸಾರು ಕುದಿಸುತ್ತಿದ್ದ. ಅವಳು ಬೆಳ್ಳುಳ್ಳಿ ಸುಲಿಯುತ್ತ ಗೂಡನ್ನೇ ನೋಡುತ್ತ ಕೂತಳು. ಅತ್ತು ಕರೆದು ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕೆಟ್ಟ ಯಂತ್ರಕ್ಕೂ ಹಟ ಹಿಡಿದ ಮಗುವಿಗೂ ಅವಳು ಕೇಳುತ್ತಿದ್ದ ಪ್ರಶ್ನೆ ಒಂದೇ: ಯಾವತ್ತಿನಿಂದ ಹೀಗಾಯಿತು?

ಕೂಸು ಹುಟ್ಟಿದ ಮೊದಲ ದಿನಗಳಲ್ಲಿ ಓಣಿಗೆಲ್ಲ ಕೇಳುವಂತೆ ಅಳುತ್ತಿತ್ತು. ಯಾವತ್ತು ನಿಲ್ಲಿಸಿತು?

“ಏನ್ರಿ, ಕೊಳವಿ ತೊಳದದ್ದು ಯಾವಾಗ?”

“ಹೆರಿಗಿ ಆಗಿ ಹತ್ತು ಹನ್ನೆರಡು ದಿನಕ್ಕಲ್ಲ? ಎಲ್ಲಾರ ಮನಿ ಗೂಡೂ ಬಂದ್ ಮಾಡಿಸಿದ್ರು,” ಎಂದ ಆದೆಪ್ಪ. “ಅವತ್ತ ಅಲ್ಲೇನು ನೀ ನನ್ನ ಏಣಿ ಹತ್ತಿಸಿದ್ದು? ಗೂಡು ಅಡಗಿಮನ್ಯಾಗ ಇದ್ರ ಬಾಣಂತಿಗಿ ಗಾಳಿ ಮುಟ್ಟೂದಿಲ್ಲ, ಮುಂದಿನ ಕೋಣ್ಯಾಗ ತಂದು ಹಾಕ್ರಿ ಅಂದಿ. ಬಾಗಲ ಮ್ಯಾಲ ಮೊಳಿ ಹೊಡ್ಯಾಕ ಹೋಗಿ ಹೆಬ್ಬಟ್ಟು ಜಜ್ಜಿಕೊಂಡೆ. ಇನ್ನೂ ಕರ್ರಗ ಐತಿ ನೋಡು.”

ಹುಲಿಗೆಮ್ಮ ಹೆಬ್ಬೆರಳು ನೋಡಲಿಲ್ಲ. ಆ ದಿನ ಅವಳ ಕಣ್ಣಮುಂದೆ ಬಂದಿತ್ತು. ಕೊಳವೆ ತೊಳೆದಾದ ಮೇಲೆ ಓಣಿಯ ಎಲ್ಲರೂ ಒಟ್ಟಿಗೆ ಗೂಡು ಚಾಲೂ ಮಾಡಿದ್ದರು. ಚಾಲೂ ಆದ ಗೂಡಿನ ಮೂತಿಯ ಮೇಲಿನ ಹಸಿರು ದೀಪ ಮೊದಲು ಮಿಣಮಿಣ ಮಾಡುತ್ತದೆ. ಕಂಟ್ರೋಲ್ ರೂಮಿನಿಂದ ಉತ್ತರ ಬಂದ ಮೇಲೆ ಗಟ್ಟಿಯಾಗಿ ಉರಿಯುತ್ತದೆ. ಅವತ್ತು ಎಲ್ಲರೂ ಒಟ್ಟಿಗೆ ಕೇಳಿದ್ದರಿಂದ ಉತ್ತರ ನಿಧಾನ. ಓಣಿಯಲ್ಲೆಲ್ಲ ಗೂಡುಗಳು ಮಿಣುಕುತ್ತ ಕಾಯುತ್ತಿದ್ದವು. ಅವಳ ಮನೆಯದು ಮಾತ್ರ ಗುಂಡಿ ಒತ್ತಿದ ಕೂಡಲೇ ಹೊತ್ತಿಕೊಂಡಿತ್ತು. ‘ನಮ್ಮ ಗೂಡು ಭಾರೀ ಚುರುಕು’ ಎಂದು ಅವಳೇ ಹಿಗ್ಗಿದ್ದಳು.

“ಅದು ಚುರುಕು ಅಲ್ರಿ,” ಎಂದಳು ಈಗ, ಬೆಳ್ಳುಳ್ಳಿ ಕೈಬಿಟ್ಟು. “ಅದು ನಮ್ಮನ್ನ ಕೇಳಲೇ ಇಲ್ಲ.”

“ಯಾರನ್ನ?”

“ಕಂಟ್ರೋಲ್ ರೂಮನ್ನ. ಕೆಲಸಕ್ಕ ಬಂದ ಆಳು ಬಾಗಲಾಗ ಮೊದಲು ಸಿಕ್ಕವ್ರನ್ನ ಕೇಳ್ತಾನ, ಇವತ್ತು ಏನು ಮಾಡ್ಬೇಕ್ರಿ ಅಂತ. ಅವ್ರು ಹೇಳಿಬಿಟ್ರ ಒಳಗ ಹೋಗಿ ಯಜಮಾನನ್ನ ಯಾಕ ಕೇಳ್ತಾನ? ಇದಕ್ಕೂ ಯಾರೋ ಬಾಗಲಾಗ ಹೇಳಿಬಿಟ್ಟಾರ. ಅದಕ್ಕ ಕಾಯಲಿಲ್ಲ. ನಾ ಅಲ್ಲಿ ಕೂತು ಆರು ಬರೀಲಿ, ಎಂಟು ಬರೀಲಿ, ನೂರು ಬರೀಲಿ. ಇದು ಅದನ್ನ ತಗದು ನೋಡೂದ ಇಲ್ಲ. ಓದಾಕ ಹತ್ತಿದ್ದು ಬ್ಯಾರೇದು.”

ಆದೆಪ್ಪ ಸಾರಿನ ಪಾತ್ರೆ ಇಳಿಸಿ ಬಂದ. ಇಬ್ಬರೂ ಗೂಡನ್ನು ನೋಡಿದರು. ಗೂಡಿನ ಕೆಳಗೆ ಬಾಗಿಲು. ಬಾಗಿಲ ಕೆಳಗೆ ಹೊಸಿಲು; ಅರಿಶಿನ ಬಳಿದ, ಸವೆದ ಕಲ್ಲಿನ ಹೊಸಿಲು.

“ಬಿಲ್ಲಿ,” ಎಂದ ಆದೆಪ್ಪ, ಮೆಲ್ಲಗೆ.

ಅವನಿಗೆ ಅದು ಗೊತ್ತಿದ್ದದ್ದು ತಾಯಿಯಿಂದ. ಮೊದಲು ಕೆಳಗಿಳಿದವರ ಕಾಲದಲ್ಲಿ ಕಂಟ್ರೋಲ್ ರೂಮೇ ಇರಲಿಲ್ಲ. ಗೂಡಿನ ಜೊತೆಗೆ ಮನೆಗೊಂದು ಬಿಲ್ಲೆ ಕೊಡುತ್ತಿದ್ದರು, ರೂಪಾಯಿಯಷ್ಟು ಅಗಲದ್ದು. ಮನೆಯಲ್ಲಿ ಎಷ್ಟು ಜನವೋ ಅಷ್ಟು ಉಬ್ಬುಚುಕ್ಕೆ ಅದರ ಮೇಲೆ. ತಂತಿ ಬೇಡ, ಕರೆಂಟು ಬೇಡ. ಎರಡು ಮಾರಿನೊಳಗೆ ಇದ್ದರೆ ಗೂಡು ಅದನ್ನು ಓದಿಕೊಳ್ಳುತ್ತಿತ್ತು. ಆಮೇಲೆ ಕಂಟ್ರೋಲ್ ರೂಮು ಬಂತು, ಬಿಲ್ಲೆಗೆ ಕೆಲಸ ಇಲ್ಲವಾಯಿತು. ಬಿಸಾಡಿ ಎಂದರು. ಇಷ್ಟು ದಿನ ಉಸಿರು ಕೊಟ್ಟದ್ದನ್ನು ಯಾರು ಬಿಸಾಡುತ್ತಾರೆ? ಹೊಸ ಮನೆಗೆ ಬಾಗಿಲು ನಿಲ್ಲಿಸುವಾಗ ಹೊಸಿಲ ಕೆಳಗೆ ಪಂಚಲೋಹ ಇಟ್ಟು ಪೂಜೆ ಮಾಡಿದ ಜನ ಅವರು. ಬಿಲ್ಲೆಗೂ ಅರಿಶಿನ ಕುಂಕುಮ ಹಚ್ಚಿ ಹೊಸಿಲ ಕೆಳಗೆ ಹೂತರು. ದೀಪಾವಳಿಗೆ ಹೊಸಿಲಿಗೆ ಕೈ ಮುಗಿಯುವಾಗ ಅದಕ್ಕೂ ಒಂದು ಪಾಲು ಸಲ್ಲುತ್ತಿತ್ತು.

ಮನುಷ್ಯರು ಬಿಲ್ಲೆಯನ್ನು ದೇವರು ಮಾಡಿ ಮರೆತರು. ಗೂಡಿನ ಒಳಗಿನ ಪ್ರೋಗ್ರಾಮಿಗೆ ಮರೆಯಲು ಯಾರೂ ಹೇಳಿರಲಿಲ್ಲ. ಚಾಲೂ ಆದಾಗಲೆಲ್ಲ ಅದು ಮೊದಲು ಸುತ್ತ ಬಿಲ್ಲೆ ಇದೆಯೇ ಎಂದು ಹುಡುಕುತ್ತಿತ್ತು. ಸಿಕ್ಕರೆ ಅಲ್ಲಿಗೇ ನಿಲ್ಲುತ್ತಿತ್ತು. ಸಿಗದಿದ್ದರೆ ಮಾತ್ರ ಕಂಟ್ರೋಲ್ ರೂಮು. ಯಾರ ಮಾತು ಕೇಳುತ್ತಿದ್ದೇನೆಂದು ಅದು ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ. ಎಲ್ಲರ ಗೂಡೂ ಹೊಸಿಲಿನಿಂದ ದೂರ, ಅಡಿಗೆಮನೆಯಲ್ಲಿ ಇರುತ್ತಿದ್ದುದರಿಂದ ಇಷ್ಟು ವರ್ಷ ಯಾರಿಗೂ ಬಾಧಿಸಿರಲಿಲ್ಲ.

“ಈ ಮನ್ಯಾಗ ಇದ್ದದ್ದು ಯಾರು?” ಎಂದಳು ಹುಲಿಗೆಮ್ಮ. “ತಾಯಕ್ಕನ ಅತ್ತಿ, ಮಾವ. ಇಬ್ಬರು ಮುದುಕರು. ಎರಡು ಚುಕ್ಕಿ ಬಿಲ್ಲಿ.”

ಆದೆಪ್ಪ ಆಗಲೇ ಏಣಿ ತಂದು ಗೋಡೆಗೆ ಒರಗಿಸಿದ್ದ. “ಮತ್ತ ಕಾಯೂದ್ಯಾಕ? ಗೂಡು ಬಿಚ್ಚಿ ಅಡಗಿಮನಿಗಿ ಹಾಕ್ತೀನಿ. ಬಿಲ್ಲಿ ಸಿಗೂದಿಲ್ಲ. ಕಂಟ್ರೋಲ್ ರೂಮ್ ಮಾತು ಕೇಳತೈತಿ.”

“ಕೇಳತೈತಿ,” ಎಂದಳು ಹುಲಿಗೆಮ್ಮ. “ಅಲ್ಲಿ ಎಂಟು ಐತಿ.”

ಆದೆಪ್ಪನ ಕಾಲು ಮೊದಲ ಮೆಟ್ಟಿಲ ಮೇಲೆಯೇ ನಿಂತಿತು.

ಇದುವರೆಗೆ ಬೋರ್ಡಿನ ಮೇಲೆ ಮಾತ್ರ ಇದ್ದ ಕಳ್ಳತನ ಗೂಡನ್ನು ಸರಿಸಿದ ಗಳಿಗೆಯಿಂದ ಖರೆ ಆಗುತ್ತಿತ್ತು. ಪರದೆಗೆ ಬೀಗ ಬಿದ್ದಿತ್ತು. ಎಂಟನ್ನು ನಾಲ್ಕು ಮಾಡುವ ಕೈ ಅವಳಿಗೆ ಉಳಿದಿರಲಿಲ್ಲ. ಎಂಟು ಪಾಲು ಇಲ್ಲಿ ಎಳೆದರೆ ಕೊಳವೆಯ ತುದಿಗೆ ಏನು ಉಳಿಯುತ್ತದೆಂದು ಅವಳಿಗಿಂತ ಚೆನ್ನಾಗಿ ತಿಳಿದವರು ಓಣಿಯಲ್ಲಿ ಇರಲಿಲ್ಲ. ಎದುರು ಕಿಟಕಿಯಿಂದ ಕೆಮ್ಮು ಕೇಳಿಸುತ್ತಿತ್ತು.

ಅವಳು ಮೌನೇಶನ ಹತ್ತಿರ ಓಡಿದಳು. ಅವನು ಬಾಗಿಲಲ್ಲೇ ನಿಲ್ಲಿಸಿ ಕೇಳಿದ. ಬಿಲ್ಲೆ, ಹೊಸಿಲು, ಅರಿಶಿನ ಎನ್ನುವ ಮಾತು ಬಂದಾಗ ಅವನ ತುಟಿ ಕೊಂಕಿತು.

“ಮೊನ್ನೆ ಗಾಳಿ ಬರವಲ್ದು ಅಂದ್ರಿ. ಇವತ್ತು ಹೊಸಿಲು. ನಾಳೆ ಗೂಡಿನಾಗ ದೆವ್ವ ಬಂದೈತಿ ಅಂತೀರಿ. ಅಧಿಕಾರಿ ಮುಂದಿನ ವಾರ ಬರ್ತಾರ, ಅವರ ಮುಂದ ಹೇಳ್ರಿ.”

“ಮುಂದಿನ ವಾರಕ್ಕ ಕೂಸು ಇರಬೇಕಲ್ರಿ ಸರ್.”

“ಬೀಗ ತಗಿಯಾಕ ನನಗೂ ಅಧಿಕಾರ ಇಲ್ಲ,” ಎಂದು ಅವನು ಬಾಗಿಲು ಮುಂದೆ ಮಾಡಿಕೊಂಡ. ಅಷ್ಟು ಮಾತ್ರ ನಿಜ ಇರಬಹುದು. ಹೇಳುವಾಗ ಅವನು ಅವಳ ಮುಖ ನೋಡಲಿಲ್ಲ.

ಮನೆಗೆ ಬಂದಾಗ ನೀಲಾ ಕೂಸಿನ ಅಂಗಾಲು ತಟ್ಟುತ್ತಿದ್ದಳು. ತಟ್ಟುತ್ತಲೇ ಇದ್ದಳು. ಅದು ಕಣ್ಣು ತೆರೆಯಲಿಲ್ಲ. ಆದೆಪ್ಪ ಏಣಿಯ ಪಕ್ಕದಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದ.

“ಹುಲಿಗಿ, ನಾ ಎತ್ತಲೇನು? ಜಲ್ದಿ ಹೇಳು.”

“ಓಣಿಯಾಗ ಹಳೇ ಮನಿ ಎರಡ ಅದಾವು. ಇದೊಂದು, ತಾಯಕ್ಕಂದೊಂದು,” ಎಂದಳು ಅವಳು. “ಅಕಿ ಹೊಸಿಲಿನ ಕೆಳಗಿಂದು ನಾಲ್ಕು ಚುಕ್ಕಿದು ಇರಬೇಕು. ಗಂಡ, ಹೆಂಡ್ತಿ, ಎರಡು ಮಕ್ಕಳು ಆವಾಗ. ನಾ ಹೋಗಿ ಕೇಳ್ತೀನಿ. ಕೊಡೂದಿಲ್ಲ ಅಂದ್ರ ನೀವು ಎತ್ರಿ. ನಾ ತಡಿಯೂದಿಲ್ಲ.”

*

ತಾಯಮ್ಮ ಬಾಗಿಲು ತೆರೆಯಲಿಲ್ಲ. ಕಿಟಕಿಯಿಂದಲೇ ಕೇಳಿದಳು. ಕೇಳಿ ಮುಗಿದ ಮೇಲೆ ಬಹಳ ಹೊತ್ತು ನಗಲು ನೋಡಿದಳು, ಆದರೆ ನಗು ಕೆಮ್ಮಾಯಿತು.

“ಮನಿ ತಗೊಂಡಿ. ಗಾಳಿ ತಗೊಂಡಿ. ಈಗ ಹೊಸಿಲು ಅಗದು ಕೊಡಬೇಕೇನು ನಿನಗ? ಆ ಬಿಲ್ಲಿ ಇಟ್ಟದ್ದು ನನ್ನ ಗಂಡ. ತನ್ನ ಕೈಯಾರೆ. ಮ್ಯಾಲ ಹೋಗೂ ದಿನಾ ಆ ಹೊಸಿಲಿಗಿ ಕೈ ಮುಗದು ಹೋದ.”

“ಗೊತ್ತೈತಿ ತಾಯಕ್ಕ.”

“ಗೊತ್ತಿದ್ದೂ ಕೇಳ್ತಿ. ನಾಚಿಕಿ ಇಲ್ಲದಾಕಿ.”

“ನಾಚಿಕಿ ಇಟಗೊಂಡು ಏನು ಮಾಡ್ಲಿ?” ಹುಲಿಗೆಮ್ಮ ಸರಳಿಗೆ ಮುಖ ತಂದಳು. “ಕೇಳು. ಗೂಡು ಅಡಗಿಮನಿಗಿ ಸರಿಸಿದ್ರ ನಮಗ ಈಗಿಂದೀಗ ಎಂಟು ಪಾಲು ಬರತೈತಿ. ಕೂಸು ಬದುಕತೈತಿ. ಕೊಳವಿ ತುದಿಗಿ ಇರೂದು ನೀನು. ನನ್ನ ಗಂಡ ಏಣಿ ಹತ್ತಿ ನಿಂತಾನ.”

“ಹೆದರಸ್ತಿ?”

“ಹೆದರಸೂದಿದ್ರ ಮೊದಲು ಸರಿಸಿ, ಆಮ್ಯಾಲ ಬರ್ತಿದ್ದೆ.”

ತಾಯಮ್ಮ ಅವಳ ಮುಖವನ್ನೇ ದಿಟ್ಟಿಸಿದಳು. ಸುಳ್ಳನ್ನು ಹುಡುಕುವ ಕಣ್ಣು. ಆಮೇಲೆ ಕಿಟಕಿಯಿಂದ ಮರೆಯಾದಳು. ಮುಗಿಯಿತು ಎಂದುಕೊಂಡಳು ಹುಲಿಗೆಮ್ಮ. ಅಷ್ಟರಲ್ಲಿ ಅಗುಳಿ ಸರಿದ ಸದ್ದಾಯಿತು. ತಾಯಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದಳು, ಅವಳನ್ನು ದಾಟಿ ನಡೆದಳು, ಎಷ್ಟೋ ವರ್ಷದಿಂದ ತುಳಿಯದ ಹೊಸಿಲಿನ ಮುಂದೆ ಒಂದು ಗಳಿಗೆ ನಿಂತಳು. ನಾಟಕ ನೋಡಲು ಬಂದವಳ ಹಾಗೆ ಸೆರಗು ಬಿಗಿದು ದಾಟಿದಳು.

“ಎಲ್ಲೈತಿ ನಿಮ್ಮ ಸಾಯೂ ಕೂಸು?”

ನೀಲಾ ಎದ್ದು ಕೂತು ಕೂಸನ್ನು ಅವುಚಿಕೊಂಡಳು. ತಾಯಮ್ಮ ಅವಳ ಪಕ್ಕದಲ್ಲಿ ಕುಕ್ಕರಿಸಿದಳು. ಬಾಯಿ ತೆರೆದಳು, ಇನ್ನೊಂದು ಕೆಟ್ಟ ಮಾತಿಗೆ. ಮಾತು ಹೊರಡಲಿಲ್ಲ. ಉಸಿರು ಒಳಗೆಳೆದಳು, ಅರ್ಧಕ್ಕೇ ನಿಂತಿತು. ಮತ್ತೆ ಎಳೆದಳು. ಸುರಂಗ ಅಗೆದ ಧೂಳಿನಲ್ಲಿ ಸವೆದ ಪುಪ್ಪುಸ ಅವಳದು. ಬೋರ್ಡಿನ ಅಂಕಿ ನೋಡಿ ಏದುಸಿರು ಬಿಡುವ ಜನರ ನಡುವೆ, ಗಾಳಿ ಎಷ್ಟಿದೆ ಎಂದು ಎದೆಯಿಂದಲೇ ಅಳೆಯಬಲ್ಲವಳು ಅವಳೊಬ್ಬಳೇ. ಕಣ್ಣು ಗೂಡಿನ ಕಡೆ ಹೊರಳಿತು, ಅಲ್ಲಿಂದ ನೀಲಾಳ ಕಟ್ಟಿದ ತಲೆಗೆ, ಅಲ್ಲಿಂದ ಕೂಸಿನ ಬೂದುತುಟಿಗೆ.

“ಏಯ್,” ಎಂದಳು, ಯಾರಿಗೋ. “ಈ ಮನ್ಯಾಗ ಗಾಳಿನ ಇಲ್ಲಲ್ಲ.”

ನೀಲಾ ಕೂಸನ್ನು ಅವಳ ಕಡೆಗೆ ಹೊರಳಿಸಿದಳು.

“ಹಿಂಗ ಎಷ್ಟು ದಿನಾ ಆತು?”

“ಕೊಳವಿ ತೊಳದಾಗಿಂದ,” ಎಂದಳು ನೀಲಾ.

ತಾಯಮ್ಮ ನೆಲಕ್ಕೆ ಕೈಯೂರಿ ಎದ್ದಳು. ಆದೆಪ್ಪ ಕೈ ಕೊಡಲು ಬಂದರೆ ತಳ್ಳಿದಳು. ಅವಳು ಹೋದ ಸ್ವಲ್ಪ ಹೊತ್ತಿಗೆ ಎದುರು ಮನೆಯಿಂದ ಕಲ್ಲಿಗೆ ಉಳಿ ಬಡಿಯುವ ಸದ್ದು ಕೇಳಿಸತೊಡಗಿತು. ನಾಲ್ಕು ಏಟು, ಕೆಮ್ಮು. ಮೂರು ಏಟು, ಕೆಮ್ಮು. ಹುಲಿಗೆಮ್ಮ ಹೋಗಿ ಉಳಿಗೆ ಕೈ ಹಾಕಿದಳು.

“ಮುಟ್ಟಬ್ಯಾಡ,” ಎಂದಳು ತಾಯಮ್ಮ ತಲೆಯೆತ್ತದೆ. “ನನ್ನ ಹೊಸಿಲು. ನಾನ ಒಡೀತೀನಿ.”

ಓಣಿಯವರು ಬಾಗಿಲಿಗೆ ಬಂದು ನಿಂತರು. ಹೊಸಿಲು ಅಗೆಯುವುದು ಅವರ ಕಣ್ಣಿಗೆ ಹೆಣ ಎತ್ತುವುದಕ್ಕೆ ಸಮ. ಯಾರೋ ‘ಬ್ಯಾಡ ತಾಯಮ್ಮ’ ಎಂದರು. ಅವಳು ಅವರನ್ನೂ ಬೈದಳು. ಕೊನೆಗೆ ಕಲ್ಲಿನ ಅಂಚು ಎದ್ದಿತು. ಮಣ್ಣು, ಒಣಗಿ ಕಪ್ಪಾದ ಕುಂಕುಮ, ಅದರ ನಡುವೆ ಬಿಲ್ಲೆ. ಸೀರೆಗೆ ತಿಕ್ಕಿದಾಗ ನಾಲ್ಕು ಚುಕ್ಕೆ ಬೆರಳಿಗೆ ಸಿಕ್ಕವು. ಅದನ್ನು ಅವಳು ಹುಲಿಗೆಮ್ಮನ ಕೈಗೆ ಕೊಡಲಿಲ್ಲ, ಕಾಲ ಬಳಿ ಒಗೆದಳು.

“ಕೂಸಿಗಿ ಕೊಟ್ಟೀನಿ. ನಿನಗಲ್ಲ.”

ಎರಡು ಬಿಲ್ಲೆ ಹತ್ತಿರ ಇದ್ದರೆ ಗೂಡು ಯಾವುದನ್ನು ಓದುತ್ತದೆ? ತೀರ ಹತ್ತಿರದ್ದನ್ನೇ ಓದಬೇಕು ಎಂದು ಹುಲಿಗೆಮ್ಮ ಎಣಿಸಿದಳು. ಕೂಸಿನ ಸೊಂಟಕ್ಕೆಂದು ತಂದಿಟ್ಟಿದ್ದ ಕರಿದಾರದಲ್ಲಿ ಬಿಲ್ಲೆಯನ್ನು ಗೂಡಿನ ಮೂತಿಗೇ, ತಾಯಿತ ಕಟ್ಟುವ ಹಾಗೆ ಬಿಗಿದು ಕಟ್ಟಿದಳು. ಆದೆಪ್ಪ ಗುಂಡಿ ಒತ್ತಿ ಆರಿಸಿದ. ಕೋಣೆ ಸದ್ದಿಲ್ಲದೆ ಸತ್ತಂತಾಯಿತು. ಮತ್ತೆ ಒತ್ತಿದ.

ಹಸಿರು ದೀಪ ಮಿಣುಕಲಿಲ್ಲ. ಕೂಡಲೇ ಹೊತ್ತಿಕೊಂಡಿತು. ಗುರ್‍ ಎನ್ನುವ ಸದ್ದು ಮೊದಲಿನದೇ. ಆಮೇಲೆ ಅದು ಏರಿತು, ಏರಿತು, ನೀಲಾಳ ಹಣೆಯ ಮೇಲಿನ ಕೂದಲು ಅಲುಗಿತು. ಮುದುಕ ಎದ್ದು ಕೂತಂತಾಗಿತ್ತು.

ಕೂಸು ಅಳಲು ಸ್ವಲ್ಪ ಹೊತ್ತು ಹಿಡಿಯಿತು. ಅತ್ತಾಗ, ಎದುರು ಕಿಟಕಿ ಧಡಾರನೆ ಮುಚ್ಚಿಕೊಂಡಿತು.

“ಇನ್ನ ನಿದ್ದಿ ಮಾಡಾಕೂ ಬಿಡೂದಿಲ್ಲ ಅದು,” ಎಂದು ಒಳಗಿನಿಂದ ದನಿ ಬಂತು.

*

ವಿಚಾರಣೆ ಓಣಿಯ ಬಾಯಲ್ಲಿ, ಬೋರ್ಡಿನ ಕೆಳಗೇ ನಡೆಯಿತು. ಮೇಲಿನಿಂದ ಬಂದ ಅಧಿಕಾರಿ ಕಂದುಬಣ್ಣಕ್ಕೆ ಸುಟ್ಟ ಮುಖದ ಹೆಂಗಸು. ಕೆಳಗಿನ ತಂಪಿಗೆ ಶಾಲು ಹೊದ್ದುಕೊಂಡಿದ್ದಳು. ಮೌನೇಶ ಪರದೆಯ ಪ್ರತಿ ತೋರಿಸಿದ. ಹುಲಿಗೆಮ್ಮ ಬರೆದದ್ದನ್ನು ಒಪ್ಪಿಕೊಂಡಳು, ಬಿಲ್ಲೆಯ ಸಂಗತಿ ಹೇಳಿದಳು. ಅಧಿಕಾರಿ ಮನೆಯೊಳಗೆ ಹೋಗಿ ಗೂಡಿಗೆ ಅಂಗೈ ಹಿಡಿದು ಬಂದಳು. ಬೋರ್ಡಿನಲ್ಲಿ ಎಂಟು, ಕೈಗೆ ನಾಲ್ಕು. ಯಾವುದನ್ನು ನಂಬಬೇಕೆಂದು ಅವಳಿಗೂ ಬಗೆಹರಿದಂತೆ ಕಾಣಲಿಲ್ಲ.

“ಮೊದಲು ದೂರು ಕೊಟ್ಟವರು ಯಾರು?” ಎಂದು ಕೇಳಿದಳು.

“ನಾನು,” ಎಂದು ತಾಯಮ್ಮ ಮುಂದೆ ಬಂದಳು. “ಎಂಟು ಬರದಾಳ, ಅದು ಖರೆ. ಎರಡರಾಗ ಉಸರಾಡ್ಯಾಳ, ಅದೂ ಖರೆ. ಆ ಮನ್ಯಾಗ ನಾ ಕೂತು ನೋಡೀನಿ. ಎಂಟಕ್ಕ ಶಿಕ್ಷಾ ಕೊಡ್ರಿ, ಬ್ಯಾಡ ಅನ್ನೂದಿಲ್ಲ. ಎರಡಕ್ಕ ಯಾರಿಗಿ ಕೊಡ್ತೀರಿ?”

ಹೇಳಿ ಅವಳು ಮೌನೇಶನನ್ನು ನೋಡಿದಳು. ಮೌನೇಶ ಕೈಯಲ್ಲಿದ್ದ ಪ್ರತಿಯನ್ನು ನೋಡಿದ. ಅಲ್ಲಿ ಎಂಟು ಇತ್ತು; ಇನ್ನೇನೂ ಇರಲಿಲ್ಲ.

ಎರಡಕ್ಕೆ ಯಾರಿಗೂ ಶಿಕ್ಷೆಯಾಗಲಿಲ್ಲ. ಬೋರ್ಡಿನ ಎಂಟನ್ನು ನಾಲ್ಕು ಮಾಡಿದರು. ಗೂಡುಗಳನ್ನು ಹೊಸಿಲಿನ ಹತ್ತಿರ ತೂಗುಹಾಕಬಾರದು ಎಂದು ಆಜ್ಞೆ ಹೊರಡಿಸಿದರು; ಯಾಕೆಂದು ಅದರಲ್ಲಿ ಬರೆಯಲಿಲ್ಲ. ಎಂಟಕ್ಕೆ ಹುಲಿಗೆಮ್ಮನಿಗೆ ಒಂದು ಬೇಸಿಗೆ ಮೇಲಿನ ಪಾಳಿ.

ಹೊರಡುವ ದಿನ ಓಣಿಯ ಯಾರೂ ಅವಳೊಂದಿಗೆ ಮಾತಾಡಲಿಲ್ಲ. ಬಾಗಿಲ ಮೇಲೆ ಒರೆಸಿದ ಸುಣ್ಣದ ಗುರುತು ಇನ್ನೂ ಮಸುಕಾಗಿ ಕಾಣುತ್ತಿತ್ತು. ನೀಲಾ ಕೂಸನ್ನು ಲಿಫ್ಟಿನವರೆಗೆ ಎತ್ತಿಕೊಂಡು ಬಂದಳು. ಆದೆಪ್ಪ ಮೇಲೆ ಹೊದೆಯಲು ಬಿಳಿಯ ಬಟ್ಟೆ, ನೀರಿನ ಚೀಲ ಕೊಟ್ಟ. ಏನೋ ತಮಾಷೆ ಹೇಳಲು ಹೋಗಿ, ಚೀಲದ ಬಾಯಿ ಇನ್ನೊಮ್ಮೆ ಬಿಗಿದ.

ಲಿಫ್ಟಿನ ಜಾಲಿಬಾಗಿಲು ಎಳೆಯುವ ಹೊತ್ತಿಗೆ ತಾಯಮ್ಮ ಗೋಡೆ ಹಿಡಿದುಕೊಂಡು ಬಂದಳು. ಅಷ್ಟು ದೂರ ನಡೆದದ್ದಕ್ಕೆ ಮಾತಾಡಲು ಉಸಿರು ಸಾಲದು. ಬಾಗಿಲ ಸರಳು ಹಿಡಿದು ನಿಂತು ಸುಧಾರಿಸಿಕೊಂಡಳು.

“ನನ್ನ ಹೊಸಿಲು ಬರಿದು ಬಿದ್ದೈತಿ,” ಎಂದಳು. “ಬ್ಯಾಸಗಿ ಮುಗದ ಮ್ಯಾಲ ಆ ಬಿಲ್ಲಿ ನನಗ ವಾಪಸ್ ಬೇಕು. ನಿನ್ನ ಗಂಡನ ಕೈಲೆ ತಗೊಳ್ಳೂದಿಲ್ಲ ನಾ. ನೀನ ತಂದು ಕೊಡಬೇಕು. ನೀನ ಕೂತು ಹೊಸಿಲು ಕೂಡಿಸಿ ಕೊಡಬೇಕು. ತಿಳೀತೇನು?”

“ತಿಳೀತು ತಾಯಕ್ಕ.”

“ಸತ್ತಿ ಗಿತ್ತಿ ಮತ್ತ,” ಎಂದು ತಾಯಮ್ಮ ಸರಳು ಬಿಟ್ಟಳು. ಲಿಫ್ಟು ಮೇಲಕ್ಕೆ ಹೊರಟಿತು.